ಪೆಡಲಪ್ಪ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬ ಪೆಡಲಪ್ಪ ಸಿಕ್ಕೇ ಸಿಗುತ್ತಾನೆ. ಹುಡುಕಬೇಕಾಗಿಲ್ಲ. ಭಾನುವಾರ ಬೆಳಗ್ಗೆ ಬೇಸ್‌ಮೆಂಟಿಗೆ ಇಳಿದರೆ ಸಾಕು. ಮೊಣಕಾಲು ದಾಟಿದ ಚಡ್ಡಿ, ಕಂಪನಿಯವರು ಬಿಟ್ಟಿ ಕೊಟ್ಟ ಟೀ ಶರ್ಟು, ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದರಲ್ಲಿ ಅಳತೆ ಟೇಪು. ಎದುರಿಗೆ ನಾಲ್ಕು ವರ್ಷದ ಮಗಳು ಚಿನ್ನು. ಅವಳು ಸೈಕಲ್ ಹೊಡೆಯಲು ಬಂದಿದ್ದಾಳೆ. ಇವನು ಸೈಕಲ್ ಬಗ್ಗೆ ಹೇಳಲು ಬಂದಿದ್ದಾನೆ.

ಪೆಡಲಪ್ಪ ಹುಟ್ಟಿನಿಂದಲೇ ಹೀಗಿದ್ದವನಲ್ಲ. ಮಗಳಿಗೆ ಎರಡು ತುಂಬಿದಾಗ ಮನೆಗೆ ಬ್ಯಾಲೆನ್ಸ್ ಬೈಕ್ ಬಂತು ನೋಡಿ, ಅಲ್ಲಿಂದ ಶುರು. ಪೆಡಲಿಲ್ಲ, ಚೈನಿಲ್ಲ, ಬ್ರೇಕಿಲ್ಲ. ಸೀಟಿನ ಮೇಲೆ ಕೂತು ಕಾಲಿನಿಂದ ನೆಲ ಒದ್ದುಕೊಂಡು ಹೋಗುವ ಗಾಡಿ. ಅರಸೀಕೆರೆಯಿಂದ ಬಂದಿದ್ದ ತಾತ ಅದನ್ನು ಎತ್ತಿ, ತಿರುಗಿಸಿ ನೋಡಿ, "ಅಲ್ಲಯ್ಯಾ, ಪೆಡಲ್ ಹಾಕೋದನ್ನೇ ಮರೆತು ಕಳಿಸಿದ್ದಾರೆ. ಅರ್ಧ ಸೈಕಲ್ಲಿಗೆ ಪೂರ್ತಿ ದುಡ್ಡು ಕೊಟ್ಟು ಬಂದೆಯಾ?" ಎಂದರು.

ಇಂಥ ಪ್ರಶ್ನೆಗೇ ಕಾದಿದ್ದ ಮಗ. "ಅಪ್ಪಾ, ಮೊದಲ ಸೈಕಲ್ಲಿಗೂ ಪೆಡಲ್ ಇರಲಿಲ್ಲ. 1817ರಲ್ಲಿ ಜರ್ಮನಿಯ ಮಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಅನ್ನುವವರು ಮರದ ಎರಡು ಚಕ್ರದ ಗಾಡಿ ಮಾಡಿ, ನೆಲ ಒದ್ದುಕೊಂಡೇ ಓಡಿಸಿದರು. ಮುಂದಿನ ಚಕ್ರಕ್ಕೆ ಪೆಡಲ್ ಕೂಡಿಸಿದ ಸೈಕಲ್ ಪ್ಯಾರಿಸ್‌ನ ಬೀದಿಗೆ ಬಂದಿದ್ದು 1860ರ ದಶಕದಲ್ಲಿ. ಚೈನಿನಿಂದ ಹಿಂದಿನ ಚಕ್ರ ತಿರುಗಿಸುವ ರೋವರ್ ಸೈಕಲ್ ಬರುವ ಹೊತ್ತಿಗೆ 1885." ತಾತ ಇಷ್ಟರಲ್ಲಿ ಪೇಪರ್ ಬಿಡಿಸಿಯಾಗಿತ್ತು. ಮಗ ಅಡುಗೆಮನೆ ಕಡೆ ತಿರುಗಿ, "ಮನುಷ್ಯಕುಲಕ್ಕೇ ಪೆಡಲ್ ಹೊಳೆಯೋಕೆ ನಲವತ್ತು ವರ್ಷ ಹಿಡೀತು ಕಣೇ, ನಮ್ಮ ಚಿನ್ನುಗೆ ಎರಡು ವರ್ಷ ಹಿಡಿದರೆ ತಪ್ಪಾ?" ಎಂದ. "ಮನುಷ್ಯಕುಲ ಮೊದಲು ಹಾಲು ತರಲಿ" ಎಂದು ಉತ್ತರ ಬಂತು.

ಆ ಎರಡು ವರ್ಷವೂ ಈಗ ಮುಗಿದಿದೆ. ಚಿನ್ನು ಕಾಲೆತ್ತಿಕೊಂಡು ಕಂಬದಿಂದ ಕಂಬಕ್ಕೆ ತೇಲಿಕೊಂಡು ಹೋಗುತ್ತಾಳೆ. ಪೆಡಲ್ ಸೈಕಲ್ ತರುವ ಕಾಲ. ಅಂಗಡಿಯವನು, "ಬೆಳೆಯೋ ಮಗು ಸಾರ್, ಒಂದು ಸೈಜು ದೊಡ್ಡದೇ ತಗೊಳ್ಳಿ" ಎಂದ. ಪೆಡಲಪ್ಪ ಮಗಳನ್ನು ಗೋಡೆಗೆ ನಿಲ್ಲಿಸಿ ಕಾಲಿನ ಒಳಅಳತೆ ತೆಗೆದ. ಸೀಟಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಊರಬೇಕು, ದೊಡ್ಡ ಸೈಕಲ್ ಕೊಂಡರೆ ಮಗು ಬೆಳೆಯುವ ತನಕ ಅದು ಬಟ್ಟೆ ಒಣಹಾಕೋಕೆ ಆಗುತ್ತೆ ಅಷ್ಟೆ ಎಂದು ಅಂಗಡಿಯವನಿಗೇ ಪಾಠ ಹೇಳಿದ. ಎಂಟು ಕೆಜಿ ಸೈಕಲ್ಲನ್ನು ಹದಿನಾರು ಕೆಜಿ ಮಗು ಎತ್ತಿ ನಿಲ್ಲಿಸಬೇಕು, ನೀವು ನಿಮ್ಮ ತೂಕದ ಅರ್ಧದ ಸೈಕಲ್ ಹೊಡೀತೀರಾ ಎಂದೂ ಕೇಳಿದ. ಎಲ್ಲ ಸರಿಯಾದ ಮಾತೇ. ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಪಪ್ಪಾ, ಬೆಲ್ ಇದೆಯಾ?"

ಸೈಕಲ್ ಮನೆಗೆ ಬಂದ ದಿನವೇ ಅವನು ಅದರ ಪೆಡಲ್ ಬಿಚ್ಚಿದ. ಎರಡು ವರ್ಷ ಪೆಡಲಿಲ್ಲದ ಗಾಡಿ ಹೊಡೆಸಿ, ಈಗ ಪೆಡಲ್ ಇರುವುದನ್ನು ತಂದು, ಅದರ ಪೆಡಲ್ಲನ್ನೂ ಬಿಚ್ಚಿದ್ದು ಕಂಡು ಸೆಕ್ಯುರಿಟಿಯವನು ಮುಖ ಆ ಕಡೆ ತಿರುಗಿಸಿಕೊಂಡ. ಇದಕ್ಕೂ ಲೆಕ್ಕವಿದೆ. ಹೊಸ ಸೈಕಲ್ಲಿನ ಎತ್ತರ, ಭಾರ, ಬ್ರೇಕು ಮೊದಲು ಒಗ್ಗಲಿ, ಸೀಟು ಇಳಿಸಿ ಹಳೆಯ ಥರವೇ ಒದ್ದುಕೊಂಡು ಓಡಾಡಲಿ, ಆಮೇಲೆ ಪೆಡಲ್.

"ಪಕ್ಕದಲ್ಲಿ ಎರಡು ಪುಟ್ಟ ಚಕ್ರ ಹಾಕಿಸಿಬಿಟ್ಟರೆ ಮುಗೀತಲ್ಲಪ್ಪಾ" ಎಂದರು ತಾತ.

"ಅದೇ ತಪ್ಪು! ಎರಡು ಚಕ್ರದ ಗಾಡಿ ತಿರುಗಬೇಕಾದರೆ ವಾಲಬೇಕು. ಪಕ್ಕದ ಚಕ್ರ ವಾಲೋಕೇ ಬಿಡಲ್ಲ. ಮಗು ಪೆಡಲ್ ಮಾತ್ರ ಕಲಿಯುತ್ತೆ, ಬ್ಯಾಲೆನ್ಸ್ ಕಲಿಯಲ್ಲ. ಆ ಚಕ್ರ ತೆಗೆದ ದಿನ ಮತ್ತೆ ಒಂದನೇ ಕ್ಲಾಸು."

"ನಾವು ಬಾಡಿಗೆ ಸೈಕಲ್ ತಗೊಂಡು ಬಾರ್ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೀತಿದ್ವಿ. ಸೀಟಿಗೆ ಹತ್ತಿದ್ದು ಹೈಸ್ಕೂಲಿಗೆ ಬಂದ ಮೇಲೆ. ಮೊಣಕಾಲಿನ ಗಾಯಕ್ಕೆ ಕಾಫಿಪುಡಿ..."

"ಅಪ್ಪಾ, ಮಗುವನ್ನು ಹಿಡಿಯೋದಾದರೆ ಹ್ಯಾಂಡಲ್ ಹಿಡೀಬಾರದು. ಹ್ಯಾಂಡಲ್ ನಾವು ಹಿಡಿದರೆ ಬ್ಯಾಲೆನ್ಸ್ ನಮ್ಮದಾಗುತ್ತೆ. ಕಂಕುಳಲ್ಲಿ ಕೈ ಕೊಟ್ಟು..."

"ಗಂಟೆ ಲೆಕ್ಕದಲ್ಲಿ ಬಾಡಿಗೆ. ಐದು ನಿಮಿಷ ತಡವಾದರೆ ಅಂಗಡಿ ಸಾಬರು..."

"ಹೊರಡುವಾಗ ಒಂದು ಪೆಡಲ್ ಮೇಲೆ ಇರಬೇಕು, ಗಡಿಯಾರದ ಎರಡು ಗಂಟೆ ಮುಳ್ಳಿನ ಜಾಗದಲ್ಲಿ. ಕಣ್ಣು ಚಕ್ರದ ಮೇಲಲ್ಲ, ದೂರಕ್ಕೆ..."

ಇಬ್ಬರ ಮಧ್ಯೆ ಟ್ರಿಣ್ ಟ್ರಿಣ್ ಎಂದು ಸದ್ದಾಯಿತು. "ಪಪ್ಪಾ, ಸೈಡ್!" ಎನ್ನುತ್ತ ಚಿನ್ನು ಹಾದುಹೋದಳು. ಪೆಡಲ್ ತುಳಿದುಕೊಂಡೇ. ಅಮ್ಮ ಯಾವಾಗಲೋ ಕೆಳಗಿಳಿದು, ಪೆಡಲ್ ಸಿಕ್ಕಿಸಿ, ಹತ್ತಿಸಿ ಬಿಟ್ಟಿದ್ದಳು. ಬ್ಯಾಲೆನ್ಸ್ ಮೊದಲೇ ಬಂದಿದ್ದ ಮಗುವಿಗೆ ಕಲಿಯಲು ಉಳಿದಿದ್ದು ಕಾಲು ತಿರುಗಿಸುವುದೊಂದೇ.

ಉಹ್ಞುಂ, ಇನ್ನೊಂದೂ ಉಳಿದಿತ್ತು. ನಿಲ್ಲುವುದು. ಬ್ಯಾಲೆನ್ಸ್ ಬೈಕಿನ ಮಕ್ಕಳಿಗೆ ಕಾಲೇ ಬ್ರೇಕು. ಪೆಡಲ್ ಸೈಕಲ್ಲಿನಲ್ಲೂ ಅಭ್ಯಾಸಬಲದಿಂದ ಕಾಲು ಚಾಚುತ್ತವೆ, ಪೆಡಲ್ ಬಂದು ಮೀನಖಂಡಕ್ಕೆ ಬಡಿಯುತ್ತದೆ. ಚಿನ್ನು ಸೆಕ್ಯುರಿಟಿಯವನ ಪ್ಲಾಸ್ಟಿಕ್ ಕುರ್ಚಿಯ ಹತ್ತಿರ ಬಂದು, ಕಾಲು ಚಾಚಿ, ಪೆಟ್ಟು ತಿಂದು, ಕುರ್ಚಿಯನ್ನೇ ಬ್ರೇಕಾಗಿ ಬಳಸಿಕೊಂಡಳು. ಪೆಡಲಪ್ಪ ಓಡಿಬಂದು, "ಬ್ರೇಕು ಎರಡು ಥರ ಪುಟ್ಟಾ, ಕೈಯಲ್ಲಿ ಹಿಡಿಯೋದು, ಪೆಡಲ್ ಹಿಂದಕ್ಕೆ ತುಳಿಯೋದು. ಇದರಲ್ಲಿ..." ಎಂದು ಶುರು ಮಾಡುವಷ್ಟರಲ್ಲಿ ಅವಳು ಸೈಕಲ್ ಎತ್ತಿಕೊಂಡು ಮತ್ತೆ ಹೊರಟಾಗಿತ್ತು.

ಅಪ್ಪ ಮಗಳಿಗೆ ಇದ್ದ ತೊಂದರೆ ಒಂದೇ. ಇಬ್ಬರಿಗೂ ಹೊರಡುವುದು ಚೆನ್ನಾಗಿ ಗೊತ್ತು, ನಿಲ್ಲಿಸುವುದು ಗೊತ್ತಿಲ್ಲ. ಮಗಳು ಮುಂದಿನ ಭಾನುವಾರದೊಳಗೆ ಬ್ರೇಕ್ ಹಿಡಿಯುವುದು ಕಲಿತಳು.

ಪೆಡಲಪ್ಪನನ್ನು ನಗೆಯಾಡಿ ಬಿಟ್ಟುಬಿಡಬೇಡಿ. ಅವನು ಹೇಳುವುದೆಲ್ಲ ನಿಜ. ಅದೇ ಅವನ ಕಷ್ಟ. ಇಡೀ ಅಪಾರ್ಟ್‌ಮೆಂಟಿನಲ್ಲಿ 15 ನಂಬರ್ ಸ್ಪ್ಯಾನರ್ ಇಟ್ಟುಕೊಂಡಿರುವವನು ಅವನೊಬ್ಬನೇ. ನಿಮ್ಮ ಮಗುವಿನ ಸೈಕಲ್ಲಿಗೆ ಬೇಕಾದಾಗ ಹೋಗಿ ಕೇಳಿ, ಖಂಡಿತ ಕೊಡುತ್ತಾನೆ. ಎಡಗಡೆ ಪೆಡಲ್ಲಿನ ಥ್ರೆಡ್ ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ ಎಂಬುದನ್ನು ಇಲ್ಲೇ ಓದಿಕೊಂಡು ಹೋಗಿ. ಅದು ಯಾಕೆ ಹಾಗೆ ಎಂದು ಮಾತ್ರ ಅವನನ್ನು ಕೇಳಬೇಡಿ, ಮಗು ಕಾಯುತ್ತಿರುತ್ತದೆ.