ಪುಠಾಣಿ ಕ್ಯಾಸಿನೊ

ನಮ್ಮ ಮನೆಯಲ್ಲಿ ಈ ವಾರ ಮೂವರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರೆ. ಕಾರಣ ಪಣಜಿ. ಇನ್ನೂ ಹೋಗಿಲ್ಲ, ಹೋಗುವ ವಿಚಾರವಷ್ಟೇ.

ದೀಪಾವಳಿ ರಜೆಗೆ ಗೋವಾ ಎಂದು ಠರಾವಾದದ್ದೇ ತಡ, ಕಾಲೇಜಿಗೆ ಹೋಗುವ ಮಗರಾಯ ಮೊಬೈಲು ಹಿಡಿದು ಮಾಂಡವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗುಗಳ ಚಿತ್ರ ತೋರಿಸಿದ. ನಮ್ಮವರು ಕನ್ನಡಕ ಹಣೆಗೇರಿಸಿ, "ಎಂಟ್ರಿ ಟಿಕೆಟ್‌ನ್ಯಾಗ ಊಟಾನೂ ಬರ್ತೈತೇನು?" ಎಂದರು. ದಿನಾ ಬದಲಾಪುರದಿಂದ ಸಿಎಸ್‌ಎಂಟಿ ತನಕ ಲೋಕಲ್‌ನಲ್ಲಿ ಒಂಟಿಕಾಲಲ್ಲಿ ಹೋಗುವ ಮನುಷ್ಯನಿಗೆ ಕೂತು ಉಣ್ಣುವುದೇ ಲಾಟರಿ.

ಮಾವನವರು ಮಾತ್ರ ಹಡಗಿನ ದೀಪ ಬಿಟ್ಟು ನೀರು ನೋಡಿದರು.

"ಇದ್ಯಾವ ಹೊಳಿ?"

"ಮಾಂಡವಿ, ಅಜ್ಜಾ."

"ಮಾಂಡವಿ ಅಲ್ಲಲೇ, ಮಹದಾಯಿ! ನಮ್ಮ ಖಾನಾಪುರ ಅಡವ್ಯಾಗ ಹುಟ್ಟಿದ್ದು. ನಮ್ಮ ನೀರಿನ ಮ್ಯಾಲೆ ಹಡಗ ನಿಲ್ಲಿಸಿ ನಮಗ ಟಿಕೆಟ್ ಮಾರ್ತಾರೇನು?"

ಮಾವನವರು ನವಲಗುಂದದವರು. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕದ ಪಾಲಿಗೆ ಬರೆದ 13.42 ಟಿಎಂಸಿ ಎಂಬ ಅಂಕಿ ಅವರಿಗೆ ಮೊಮ್ಮಗನ ಹುಟ್ಟಿದ ತಾರೀಖಿಗಿಂತ ಚೆನ್ನಾಗಿ ನೆನಪಿದೆ. ಪಣಜಿಗೆ ಅವರು ಪ್ರವಾಸಿಯಾಗಿ ಹೊರಟಿಲ್ಲ, ಆಸ್ತಿ ಪಾಹಣಿ ನೋಡಲು ಹೊರಟಿದ್ದಾರೆ. ಊರಲ್ಲಿ ಓಡುವ ಸರ್ಕಾರಿ ಬಸ್ಸಿನ ಹೆಸರೇ ಕದಂಬ, ಅಂದಮೇಲೆ ಬಸ್ಸು ನಮ್ಮದು. ಹೊಳೆದಂಡೆಯ ಹಳೇ ಸಚಿವಾಲಯ ಮೊದಲು ವಿಜಾಪುರದ ಆದಿಲಶಾಹಿಯ ಅರಮನೆ, ಅದೂ ನಮ್ಮದು. ಪೋರ್ತುಗೀಸರು 1510ರಲ್ಲಿ ಬಂದು, 1843ರಲ್ಲಿ ಪಣಜಿಯನ್ನು ರಾಜಧಾನಿ ಮಾಡಿ, 1961ರಲ್ಲಿ ಗಂಟುಮೂಟೆ ಕಟ್ಟಿದ್ದು ಅವರ ಲೆಕ್ಕದಲ್ಲಿ ಬಾಡಿಗೆದಾರರ ಕಥೆ.

ನಗಬಾರದು ಎಂದುಕೊಳ್ಳುತ್ತೇನೆ. ಇಷ್ಟು ವರ್ಷ ಬದಲಾಪುರದಲ್ಲಿದ್ದೂ ಮಾವನವರು ನಳ ಬಂದ ಕೂಡಲೇ ಚರಿಗೆ, ತಂಬಿಗೆ, ಕುಕ್ಕರ್ ಎಲ್ಲ ತುಂಬಿಸಿಡುತ್ತಾರೆ. ಬಂದವರಿಗೆ ನೀರು ಕೊಡುವುದು ಅರ್ಧ ಲೋಟ. ಬೇಕಾದರೆ ಮತ್ತೆ ಕೇಳಬೇಕು. ಕೆರೆಯ ನೀರು ಹೊತ್ತು ಬೆಳೆದವರ ಮುಂದೆ ನಾನು ಸಿಂಕಿನ ನಳ ಜೋರಾಗಿ ಬಿಡುವುದಿಲ್ಲ.

ಅತ್ತೆಯ ತಕರಾರು ಬೇರೆ. ಮಗರಾಯ ನಿಯಮ ಓದುತ್ತ, 2020ರಿಂದ ಗೋವಾದವರಿಗೇ ಈ ಕ್ಯಾಸಿನೊಗಳಲ್ಲಿ ಪ್ರವೇಶವಿಲ್ಲ ಎಂದ. ಅತ್ತೆ ಕೈಯಲ್ಲಿದ್ದ ಮೆಂತ್ಯೆಸೊಪ್ಪು ಕೆಳಗಿಟ್ಟರು. "ಅಡಗಿ ಮಾಡಿದವ್ರೇ ಉಣ್ಣಂಗಿಲ್ಲ ಅಂದ್ರ, ನಾವ್ಯಾಕ ಎಲಿ ಹಾಕ್ಕೊಂಡು ಕೂಡಬೇಕು?"

ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಮಗ, ಅಲ್ಲಿ ಅಂದರ್ ಬಾಹರ್ ಕೂಡ ಆಡಿಸುತ್ತಾರೆ ಎಂದುಬಿಟ್ಟ. ಅತ್ತೆಗೆ ನಂಬಿಕೆಯೇ ಬರಲಿಲ್ಲ. ಊರ ಹೊರಗಿನ ಬೇವಿನಗಿಡದ ಕೆಳಗೆ ಆಡಿದರೆ ಪೊಲೀಸರು ಅಟ್ಟಿಸಿಕೊಂಡು ಬಂದು, ಮರುದಿನ ಪೇಪರಿನಲ್ಲಿ ಹೆಸರು ಹಾಕಿಸುವ ಆಟಕ್ಕೆ ಎಸಿ ಹಡಗು, ಟೈ ಕಟ್ಟಿದ ಹುಡುಗರು! "ನೋಡಿ ಗೊತ್ತು, ಆಡಿಲ್ಲ" ಎನ್ನುತ್ತ ಇಸ್ಪೀಟು ತರಿಸಿದರು.

ಹಾಲ್‌ನಲ್ಲಿ ಚಾದರ ಹಾಸಿ ತಾಲೀಮು ಶುರುವಾಯಿತು. ಚಿಪ್ಸಿನ ಬದಲು ಪುಠಾಣಿ, ತಲೆಗೊಂದು ಬಟ್ಟಲು. ನೋಡಿಯಷ್ಟೇ ಗೊತ್ತಿದ್ದ ಅತ್ತೆ ಹೆಬ್ಬೆರಳಿಗೆ ಉಗುಳು ಹಚ್ಚಿ, ಕಟ್ಟನ್ನು ಎರಡು ಭಾಗ ಮಾಡಿ, ಎಲೆಗಳನ್ನು ಫರ್ರನೆ ಒಂದರೊಳಗೊಂದು ಸೇರಿಸಿದ ರೀತಿ ನೋಡಿ ಮಾವನವರ ಬಾಯಿ ತೆರೆದೇ ಉಳಿಯಿತು. ಐವತ್ತು ವರ್ಷದ ಸಂಸಾರದಲ್ಲಿ ಅವರಿಗೆ ಈ ವಿದ್ಯೆಯ ಸುಳಿವೇ ಇರಲಿಲ್ಲವಂತೆ. ತೆರೆದ ಬಾಯಿಗೆ ಕೈ ತಾನಾಗಿ ಪುಠಾಣಿ ಹಾಕತೊಡಗಿತು. ಮೂರನೆಯ ಸುತ್ತಿಗೆ ಮಾವನವರು ದಿವಾಳಿ. ಆಟದಲ್ಲಿ ಸೋತದ್ದು ಸ್ವಲ್ಪ, ತಿಂದದ್ದೇ ಹೆಚ್ಚು.

ಪುಠಾಣಿ ಮುಗಿದ ಮೇಲೆ ನಿಜವಾದ ಪಣ ಬಂತು. ನಮ್ಮವರು ಮಾಂಡವಿ ಎಕ್ಸ್‌ಪ್ರೆಸ್ಸಿನ ಕಿಟಕಿ ಸೀಟು ಒಡ್ಡಿದರು, ಹೋಯಿತು. ಮಗ ಪಣಜಿಯ ಫೊಂಟೇನ್ಹಾಸ್ ಓಣಿಯ ಫೋಟೊ ಕಾರ್ಯಕ್ರಮ ಒಡ್ಡಿದ, ಅದೂ ಹೋಯಿತು. ರೊಚ್ಚಿಗೆದ್ದ ನಮ್ಮವರು ಕ್ಯಾಸಿನೊದ ರಾತ್ರಿಯನ್ನೇ ಇಟ್ಟರು. ಮಧ್ಯದಲ್ಲಿ ಇಸ್ಪೀಟ್ ರಾಣಿ. ಎಲೆ ಒಳಗೆ, ಹೊರಗೆ, ಒಳಗೆ, ಹೊರಗೆ... ಪಕ್ಕದ ಮನೆಯ ಮರಾಠಿ ವಹಿನಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತರು. ಒಲೆಯ ಮೇಲಿನ ಬೇಳೆ ತಳ ಹಿಡಿಯಿತು, ಯಾರೂ ಏಳಲಿಲ್ಲ. ಕಡೆಗೆ ಇನ್ನೊಬ್ಬ ರಾಣಿ ಅತ್ತೆಯ ಕಡೆಗೇ ಬಿದ್ದಳು. "ಬಲಿಪಾಡ್ಯದಾಗ ಪಾರ್ವತೀನೂ ಶಿವನ್ನ ಹಿಂಗೇ ಸೋಲಿಸ್ಯಾಳ" ಎಂದು ಎಲೆ ಮಡಚಿಟ್ಟರು.

ಮಗ ಇನ್ನೂ ಮುಖ ಊದಿಸಿಕೊಂಡಿದ್ದಾನೆ. ಇಷ್ಟೆಲ್ಲ ಆದಮೇಲೆ ನಿಯಮದ ಕೊನೆಯ ಸಾಲು ಓದಿದ್ದಾನೆ: ಇಪ್ಪತ್ತೊಂದು ತುಂಬದವರನ್ನು ಒಳಗೆ ಬಿಡುವುದೇ ಇಲ್ಲ. ಅವನಿಗೆ ಹತ್ತೊಂಬತ್ತು.

ಗೆದ್ದ ಅತ್ತೆಯ ಪಟ್ಟಿ ಹೀಗಿದೆ: ಮಂಗೇಶಿ, ಮಾರ್ದೊಳದ ಮಹಾಲಸಾ, ಕವಳೆಯ ಶಾಂತಾದುರ್ಗೆ. ಮೂರೂ ಫೋಂಡಾ ಕಡೆ. ಪೋರ್ತುಗೀಸರ ಕಾಟ ತಾಳದೆ ಹದಿನಾರನೆಯ ಶತಮಾನದಲ್ಲಿ ಮೂಲಸ್ಥಾನ ಬಿಟ್ಟು ಬಂದ ದೇವರುಗಳು. "ಅವೂ ನಮ್ಹಂಗ ಊರು ಬಿಟ್ಟು ಬಂದ್ವು ಪಾಪ. ಹೋಗಿ ಮಾತಾಡಿಸಬೇಕು" ಎಂದರು ಅತ್ತೆ. ಅದಕ್ಕೆ ಮಾತ್ರ ಯಾರೂ ಎದುರಾಡಲಿಲ್ಲ. ಮಾವನವರಿಗೆ ಕನಿಕರದಿಂದ ಪಣಜಿಯ ಹೊಳೆದಂಡೆಯಲ್ಲಿ ಒಂದು ತಾಸು ಮಂಜೂರಾಗಿದೆ. ಭಾಷಣ ಮಾಡಬಾರದೆಂಬ ಷರತ್ತಿದೆ.

ಠಾಣೆಯಿಂದ ಬೆಳಗಿನ ಮಾಂಡವಿ ಎಕ್ಸ್‌ಪ್ರೆಸ್, ಇಳಿಯುವುದು ಕರಮಳಿ. ಐದು ಟಿಕೆಟ್‌ಗಳಲ್ಲಿ ಮೂರು ಕನ್ಫರ್ಮ್, ನಮ್ಮಿಬ್ಬರದು ವೇಟಿಂಗ್. ಬದಲಾಪುರ, ಅಂಬರನಾಥ, ಡೊಂಬಿವಲಿಯ ಕನ್ನಡ ಬಂಧುಗಳಲ್ಲಿ ಒಂದೇ ವಿನಂತಿ: ದೀಪಾವಳಿಗೆ ನಮ್ಮ ಅತ್ತೆ ಇಸ್ಪೀಟಿಗೆ ಕರೆದರೆ ಪುಠಾಣಿ ತಂದು ಆಡಿ, ರಜೆಯ ಕಾರ್ಯಕ್ರಮ ಮನೆಯಲ್ಲೇ ಬಿಟ್ಟು ಬನ್ನಿ.