ಕಾಲು ಗಾಳಿಯಲ್ಲಿ, ಕಣ್ಣು ಘಾಟಿಯಲ್ಲಿ

ಜಯನಗರದ ರಾಯರಿಗೆ ಐವತ್ತರ ಹೊಸ್ತಿಲಲ್ಲಿ ಬಿಸಿಲೆ ಘಾಟಿಯ ಹುಚ್ಚು ಹತ್ತಿತು. ಡಾಂಬರಿಗೂ ಕೆಸರಿಗೂ ಒಗ್ಗುವ ಬೈಕೇ ಆಗಬೇಕು. ಹಿಮಾಲಯನ್ 450 ನೋಡಹೋದರು. ಸೀಟಿನ ಎತ್ತರ 825 ಮಿಲಿಮೀಟರ್. ರಾಯರದ್ದು ಐದಡಿ ಮೂರಿಂಚು. ಹತ್ತಿದ್ದೇನೋ ಹತ್ತಿದರು, ಹಿಮ್ಮಡಿ ಮಾತ್ರ ನೆಲ ಹುಡುಕುತ್ತಾ ಗಾಳಿಯಲ್ಲೇ ಉಳಿಯಿತು.

“ಮುಂದಿನ ಚಕ್ರ 21 ಇಂಚು ಸಾರ್, ಎಂಥ ಗುಂಡಿಯನ್ನೂ ಸಲೀಸಾಗಿ ದಾಟುತ್ತೆ,” ಎಂದ ಅಂಗಡಿಯ ಹುಡುಗ. ಗುಂಡಿಗಾಗಿ ಘಾಟಿವರೆಗೆ ಹೋಗಬೇಕೇ? ಅದಿರಲಿ, 196 ಕೆಜಿಯ ಬೈಕು ಕೆಸರಲ್ಲಿ ಮಲಗಿದರೆ ಎಬ್ಬಿಸುವವರು ಯಾರು?

ಆಮೇಲೆ ನೋಡಿದ ಬೈಕು ಎಕ್ಸ್‌ಪಲ್ಸ್ 200 4ವಿ, ಅದಕ್ಕಿಂತ ಮೂವತ್ತು ಕೆಜಿಗೂ ಮಿಕ್ಕಿ ಹಗುರ. ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕುವಾಗ ಮಾತ್ರ ಮನೆದೇವರ ನೆನಪಾಗುತ್ತದೆ. ಸೀಟು? ಅದೂ 825!

“ಬೈಕು ಯಾವುದಾದರೂ ತಗೊಳ್ಳಿ,” ಎಂದರು ಮನೆಯಾಕೆ, “ಮೊದಲು ದಪ್ಪ ಅಟ್ಟೆಯ ಬೂಟು ತಗೊಳ್ಳಿ.”