ಕ್ರಾಸಿಗೊಬ್ಬ ಕ್ಯಾಮೆರಾ ಅಂಕಲ್

ಬೆಂಗಳೂರಿನ ಸಹಕಾರನಗರವೋ, ಯಲಹಂಕ ನ್ಯೂಟೌನೋ, ಆರ್‌.ಟಿ. ನಗರವೋ, ಎಲ್ಲಿಗೆ ಹೋದರೂ ಕ್ರಾಸಿಗೊಬ್ಬ ಕ್ಯಾಮೆರಾ ಅಂಕಲ್ ಇದ್ದೇ ಇರುತ್ತಾರೆ. ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲೋ, ಜಾಲಹಳ್ಳಿಯ ಬಿಇಎಲ್‌ನಲ್ಲೋ ದುಡಿದು ರಿಟೈರ್ ಆದವರು. ಬಂಗಾರ ಬ್ಯಾಂಕ್ ಲಾಕರಿನಲ್ಲಿದೆ, ಮಗ ಡಲ್ಲಾಸಿನಲ್ಲಿದ್ದಾನೆ, ಮನೆಯಲ್ಲಿ ಕದಿಯುವಂಥದ್ದು ಹಳೇ ಮಿಕ್ಸಿ ಒಂದೇ. ಆದರೂ ಗೇಟಿಗೆ ಎರಡು, ಸಂಪಿಗೊಂದು, ತಾರಸಿಗೊಂದು ಕ್ಯಾಮೆರಾ.

“ಇಷ್ಟೊಂದು ಯಾಕೆ ಸಾರ್?” ಎಂದರೆ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆಯನ್ನೇ ತೆಗೆಯುತ್ತಾರೆ. ಕಾಯ್ದೆ ಹೇಳಿದ್ದು ಜನ ಕಿಕ್ಕಿರಿಯುವ ಜಾಗಗಳಿಗೆ. ಇವರ ಗೇಟಿನಲ್ಲಿ ಕಿಕ್ಕಿರಿಯುವವರು ಹಾಲಿನವನು, ಪೇಪರಿನವನು, ಕೆಲಸದ ಲಕ್ಷ್ಮಮ್ಮ. “ಮೂವತ್ತು ದಿನದ ರೆಕಾರ್ಡಿಂಗ್ ಇಟ್ಕೋಬೇಕು ಕಣ್ರೀ, ರೂಲ್ಸು!”

ಮೊದಲು ಎಸ್‌.ಪಿ. ರಸ್ತೆಯಿಂದ ತಂದ ರೆಕಾರ್ಡಿಂಗಿನ ಪೆಟ್ಟಿಗೆ ಡಿವಿಆರ್ ಒಂದೇ ಇತ್ತು. ಅಷ್ಟಕ್ಕೇ ನಿಂತಿದ್ದರೆ ಬೀದಿ ನೆಮ್ಮದಿಯಾಗಿರುತ್ತಿತ್ತು. ರಜಕ್ಕೆ ಬಂದ ಮಗ ಅಂಗೈಯಗಲದ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತಂದು, ಅದರಲ್ಲಿ ಹೋಮ್ ಅಸಿಸ್ಟೆಂಟ್ ಹಾಕಿಕೊಟ್ಟು ವಿಮಾನ ಹತ್ತಿದ. 2013ರಲ್ಲಿ ಶುರುವಾದ ಈ ಸಾಫ್ಟ್‌ವೇರ್ ಬೇರೆ ಬೇರೆ ಕಂಪನಿಗಳ ಕ್ಯಾಮೆರಾ, ಬಲ್ಬು, ಸ್ಪೀಕರುಗಳನ್ನು ಒಂದೇ ಕಡೆ ಕಟ್ಟಿಹಾಕುತ್ತದೆ. ಅಂಕಲ್ಲಿಗೆ ಹಿಡಿಸಿದ್ದು ಅದಲ್ಲ, ಅದು ಪುಕ್ಕಟೆ ಎನ್ನುವುದು. ಒಂದೊಂದು ಕ್ಯಾಮೆರಾಗೂ ಐಪಿ ನಂಬರು, 554ನೇ ಪೋರ್ಟು, ಪಾಸ್‌ವರ್ಡು ಎಲ್ಲ ಸೇರಿದ, ವಿಡಿಯೋ ತರಿಸಿಕೊಳ್ಳುವ ಒಂದುದ್ದ ಆರ್‌ಟಿಎಸ್‌ಪಿ ವಿಳಾಸ. ಯಾರಿಗೂ ಗೊತ್ತಾಗಬಾರದೆಂದು ಅದನ್ನು ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಟ್ಟಿದ್ದಾರೆ. ಆ ಪುಸ್ತಕ ತಿಂಗಳಿಗೊಮ್ಮೆ ಹಾಲಿನವನ ಕೈಗೆ ಹೋಗಿ ಬರುತ್ತದೆ.

ರಾತ್ರಿ ಹತ್ತರ ಮೇಲೆ ಕಾಂಪೌಂಡಿನ ಬಳಿ ಮನುಷ್ಯರು ಕಂಡರೆ ಪೋರ್ಟಿಕೋ ದೀಪ ಹತ್ತಬೇಕು, ಹಾಲ್‌ನಲ್ಲಿರುವ ಸ್ಪೀಕರ್ ಕೂಗಬೇಕು ಎಂದು ಏರ್ಪಾಡಾಯಿತು. ಮೊದಲ ರಾತ್ರಿಯೇ ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ಸ್ಪೀಕರ್ ಬೆಳಗಿನ ತನಕ “ಯಾರೋ ಬಂದಿದ್ದಾರೆ” ಎಂದು ಅರಚಿತು. ಪಕ್ಕದ ಸೈಟಿನಲ್ಲಿ ಕಟ್ಟುತ್ತಿರುವ ಮನೆಗೆ ದೃಷ್ಟಿಗೊಂಬೆ ನೇತುಹಾಕಿದ್ದರು. ದೊಡ್ಡ ಮೀಸೆ, ಹರಿದ ಪ್ಯಾಂಟು. ಗಾಳಿಗೆ ಅದು ಅಲ್ಲಾಡಿದಾಗಲೆಲ್ಲ ಕ್ಯಾಮೆರಾ ಅದನ್ನು ಮನುಷ್ಯನೆಂದೇ ಎಣಿಸುತ್ತಿತ್ತು.

“ದೃಷ್ಟಿ ತೆಗೆಯೋ ಗೊಂಬೆಗೇ ದೃಷ್ಟಿ ಹಾಕ್ತಿದೀರಲ್ರೀ!” ಎಂದರು ಆಂಟಿ, ನಿದ್ದೆಗಣ್ಣಿನಲ್ಲೇ.

ಕೊನೆಗೆ ಅಂಕಲ್ ಸೆಟ್ಟಿಂಗಿನಲ್ಲಿ ಆ ಮೂಲೆಗೇ ಮುಸುಕು ಹಾಕಿದರು. ಅಲ್ಲಿಂದಾಚೆ ಆ ಮೂಲೆಯಲ್ಲಿ ಗೊಂಬೆ ನಿಂತರೂ ಒಂದೇ, ಮನುಷ್ಯ ನಿಂತರೂ ಒಂದೇ, ಕ್ಯಾಮೆರಾ ಚಕಾರವೆತ್ತುವುದಿಲ್ಲ.

ಬೆನ್ನ ಹಿಂದೆ ಆಡಿಕೊಳ್ಳುವವರೂ ಕಷ್ಟ ಬಂದಾಗ ಇವರ ಬಾಗಿಲಿಗೇ ಬರುತ್ತಾರೆ. ಎದುರು ಮನೆಯವರ ಕಾರಿಗೆ ರಾತ್ರಿ ಯಾವುದೋ ಗಾಡಿ ಉಜ್ಜಿಕೊಂಡು ಹೋಗಿತ್ತು. ಅಂಕಲ್ ಕಾಫಿ ಕೊಟ್ಟು ಟಿವಿ ಮುಂದೆ ಕೂರಿಸಿದರು. 2 ಗಂಟೆ 14 ನಿಮಿಷ 9 ಸೆಕೆಂಡಿಗೆ ನಾಯಿ ಮೈಮುರಿದದ್ದು ಸ್ಪಷ್ಟವಾಗಿತ್ತು, ಆಮೇಲೆ ಬಂದ ಟೆಂಪೋನೂ ಸ್ಪಷ್ಟ. ನಂಬರ್ ಪ್ಲೇಟು ಮಾತ್ರ ಬರೀ ಬಿಳಿ. ರಾತ್ರಿ ಕ್ಯಾಮೆರಾ ಬಿಡುವ ಇನ್‌ಫ್ರಾರೆಡ್ ಬೆಳಕು ಮಿನುಗುವ ಪ್ಲೇಟಿಗೆ ಬಡಿದು ಹಿಂದಕ್ಕೆ ಬಂದರೆ ಅಕ್ಷರಗಳೆಲ್ಲ ಅಳಿಸಿಹೋಗುತ್ತವೆ. ಗಾಡಿಯ ಬಣ್ಣವಾದರೂ? ಆ ಹೊತ್ತಿನಲ್ಲಿ ಎಲ್ಲ ಕಪ್ಪು-ಬಿಳುಪೇ. “ಟೈಮಂತೂ ಪಕ್ಕಾ ಸಿಕ್ತಲ್ರೀ,” ಎಂದರು ಅಂಕಲ್, ಗೆದ್ದವರಂತೆ.

ಇಷ್ಟೂ ಸಾಹಸದಲ್ಲಿ ಸಿಕ್ಕಿಬಿದ್ದವರೆಂದರೆ ಬೆಳಗಿನ ಐದೂವರೆಗೆ ಪ್ಲಾಸ್ಟಿಕ್ ಕವರ್ ಹಿಡಿದು ಕಾಂಪೌಂಡಿನ ದಾಸವಾಳ ಕೀಳುವ ವಾಕಿಂಗಿನವರು. ಅಂಕಲ್ ಆ ವಿಡಿಯೋವನ್ನು ರಸ್ತೆಯ ವಾಟ್ಸಾಪ್ ಗುಂಪಿಗೆ ಹಾಕಿ “ಇವರು ಯಾರು?” ಎಂದು ಕೇಳಿದರು. ವಿಡಿಯೋದಲ್ಲಿದ್ದ ಮಹಿಳೆಯೇ ಕೈಮುಗಿದು ಉತ್ತರ ಕೊಟ್ಟರು: “ನಾನೇ ಅಂಕಲ್, ದೇವರಿಗೆ.”

ಆ ಕಡೆ ವಾಕಿಂಗ್ ಹೋಗುವ ಓದುಗರಲ್ಲಿ ಒಂದು ವಿನಂತಿ. ದಾಸವಾಳ ಬೇಕಿದ್ದರೆ ಬೆಲ್ ಒತ್ತಿ ಕೇಳಿ, ಆಂಟಿ ಧಾರಾಳವಾಗಿ ಕೊಡುತ್ತಾರೆ. ಕೇಳಲು ಸಂಕೋಚವಾದರೆ ಗೊಂಬೆ ಇರುವ ಮೂಲೆಯಿಂದ ಬನ್ನಿ.